ರಿಟೈರ್ಮೆಂಟ್ ಕಮ್ಯುನಿಟಿಯೊಳಗ ಮನಿ ಹಿಡಿಯೂ ಮುಂದ: ಒಬ್ಬರ ಉಳಿಯೂ ದಿನ ನೆನಪಿಟ್ಕೊಂಡ ಆರಿಸ್ರಿ

ಬೆಳಗಾವಿಯೊಳಗ ಟಿಳಕವಾಡಿ, ಹಿಂದವಾಡಿ, ಸದಾಶಿವ ನಗರ ಯಾವ ಕಡೆ ನೋಡಿದ್ರೂ ದೊಡ್ಡ ಮನಿ, ಒಳಗ ಇರಾವ್ರು ಇಬ್ಬರ. ಮಕ್ಳು ಪುಣೆ, ಬೆಂಗಳೂರು, ಇಲ್ಲಂದ್ರ ಹೊರದೇಶ. ಬಾಗಲಕೋಟಿ ನವನಗರದಾಗೂ ಅದ ಕಥಿ, ವಿಜಾಪುರದಾಗೂ ಅದ. ಹಂಗಾಗಿ ಅರವತ್ತು ದಾಟಿದವ್ರು ನಾಕ ಮಂದಿ ಕೂಡಿದ್ರ ಸಾಕು, ಸೀನಿಯರ್ಸ್‌ಗಂತನ ಕಟ್ಟಿದ ಕಮ್ಯುನಿಟಿಗೆ ಹೋಗೂದೋ ಬ್ಯಾಡೋ ಅನ್ನೂ ಮಾತು ಬಂದ ಬರ್ತೈತಿ. ನಾನೂ ನಮ್ಮನಿಯವ್ರೂ ಇದರ ಸಲವಾಗಿ ಭಾಳ ತಿರುಗೀವಿ, ಗೆಳತ್ಯಾರು, ಬೀಗರು ಹೋಗಿ ಇದ್ದದ್ದನ್ನೂ ಕಂಡೀವಿ, ಅದರಿಂದ ತಿಳದದ್ದನ್ನ ಇಲ್ಲಿ ಬರೀತೀನಿ.

ಮೊದಲನೇ ಮಾತು ಇದು. ಇಬ್ಬರೂ ಗಟ್ಟಿ ಇರೂ ಇವತ್ತಿನ ದಿನಕ್ಕ ಮನಿ ಆರಿಸಬ್ಯಾಡ್ರಿ, ಇಬ್ಬರೊಳಗ ಒಬ್ಬರ ಉಳಿಯೂ ದಿನಕ್ಕ ಆರಿಸ್ರಿ. ನಮ್ಮ ಕಡೆ ಗಂಡ ಹೆಂಡತಿಗಿಂತ ನಾಕೈದು ವರ್ಷನಾದ್ರೂ ದೊಡ್ಡಾವ ಇರ್ತಾನ, ಮತ್ತ ಹೆಂಗಸರ ಆಯುಷ್ಯ ಸರಾಸರಿ ಹೆಚ್ಚು, ಅಂದ್ರ ಭಾಳ ಮನ್ಯಾಗ ಕಡೀಕ ಉಳಿಯಾಕಿ ಹೆಂಡತಿ. ಆದ್ರ ಸೈಟ್ ನೋಡಾಕ ಹೋಗಾವ್ರು ಗಂಡಸರು, ಕ್ಲಬ್ ಹೌಸು, ಜಿಮ್ಮು, ಸ್ವಿಮಿಂಗ್ ಪೂಲು ನೋಡಿ ಖುಷಿ ಆಗಿ ಟೋಕನ್ ಕೊಟ್ಟು ಬರ್ತಾರ. ಅಕ್ಕಾವ್ರ, ನೀವು ಹೋಗದ ಯಾವ ಜಾಗಾನೂ ಪಕ್ಕಾ ಮಾಡಾಕ ಬಿಡಬ್ಯಾಡ್ರಿ.

ಇದು ವೃದ್ಧಾಶ್ರಮ ಅಲ್ಲ ಅನ್ನೂದು ಎಲ್ಲಾರಿಗೂ ಗೊತ್ತಿರ್ಲಿ. ಅಮೆರಿಕಾದಾಗ ಅರಿಝೋನಾದ ಸನ್ ಸಿಟಿ 1960ರಾಗ ಶುರು ಆದಾಗಿಂದ ಈ ನಮೂನಿ ಊರುಗಳು ಬೆಳದಾವು, ಅಲ್ಲೆ 55 ದಾಟಿದವ್ರ ಕಮ್ಯುನಿಟಿ ಅನಿಸ್ಕೋಬೇಕಂದ್ರ ಕಾನೂನಿನ ಪ್ರಕಾರ ಮಂದಿ ಇರೂ ಮನಿಗಳೊಳಗ ಕಡಿಮಿ ಅಂದ್ರೂ 80% ಮನ್ಯಾಗ 55ರ ಮ್ಯಾಲಿನವ್ರು ಒಬ್ಬರಾದ್ರೂ ಇರಬೇಕು. ನಮ್ಮಲ್ಲೆ ವಯಸ್ಸಿನ ಕಟ್ಟಳಿ ಬಿಲ್ಡರ್ ಅಗ್ರಿಮೆಂಟ್‌ನ್ಯಾಗ ಇರ್ತೈತಿ, ಕೆಲವು ಕಡೆ 55, ಕೆಲವು ಕಡೆ 60. ನಿಮ್ಮದ ಫ್ಲ್ಯಾಟು, ನಿಮ್ಮದ ಅಡಗಿಮನಿ, ಬೇಕಂದಾಗ ಮೆಸ್ಸಿನ ಊಟ, ಕೆಳಗೊಬ್ಬ ನರ್ಸು, ಗೋಡಿಗೆ ಎಮರ್ಜೆನ್ಸಿ ಬೆಲ್ಲು. ಆದ್ರ ಇಂಥಾವಕ್ಕ ಆಕ್ಟಿವ್ ಸೀನಿಯರ್ಸ್ ಕಮ್ಯುನಿಟಿ ಅಂತಾರ, ಆಕ್ಟಿವ್ ಅಂದ್ರ ತಮ್ಮ ಕೆಲಸ ತಾವ ಮಾಡ್ಕೊಳ್ಳಾವ್ರಿಗೆ ಅಂತ ಅರ್ಥ. ಹಂಗಾಗಿ ಕೇಳೂ ಮೊದಲನೇ ಪ್ರಶ್ನಿ: ನಾಳೆ ಪಾರ್ಶ್ವವಾಯು ಆಗಿ ಹಾಸಿಗಿ ಹಿಡಿದ್ರ, ಮರೆವು ಹೆಚ್ಚಾಗಿ ಮನಿ ನಂಬರ ನೆನಪ ಆಗದಂಗ ಆದ್ರ, ಇಲ್ಲೇ ಇಟ್ಕೋತೀರೋ ಬ್ಯಾರೆ ಕಡೆ ನೋಡ್ಕೋರಿ ಅಂತೀರೋ? ಒಳಗ ಅಸಿಸ್ಟೆಡ್ ಲಿವಿಂಗ್ ಬ್ಲಾಕ್, ಅಂದ್ರ ದಿನದ ಕೆಲಸಕ್ಕ ಇನ್ನೊಬ್ಬರ ಆಸರಿ ಬೇಕಾದವ್ರನ್ನ ನೋಡ್ಕೊಳ್ಳೂ ಬ್ಲಾಕ್ ಇದ್ರ ಭಾಳ ಚಲೋ, ಇಲ್ಲಂದ್ರ ಹೊರಗಿನ ಆಯಾನ್ನ ಮನ್ಯಾಗ ಇಟ್ಕೊಳ್ಳಾಕ ಬಿಡ್ತಾರೇನು, ಆಕಿ ರಾತ್ರಿ ಎಲ್ಲಿ ಮಲಗ್ತಾಳ ಅನ್ನೂದನ್ನ ಬರವಣಿಗಿಯೊಳಗ ತಗೋರಿ. ಬಾಯಿ ಮಾತಿಗೆ ಸೇಲ್ಸ್ ಹುಡುಗ ಎಲ್ಲಾದಕ್ಕೂ ಹೂಂ ಅಂತಾನ.

ಊರು ಯಾವ್ದು ಅನ್ನೂದು ದೊಡ್ಡ ವಿಷಯ. ನಮ್ಮ ಈ ಮೂರು ಜಿಲ್ಲಾದಾಗ ಇಂಥಾವು ಇನ್ನೂ ಅಷ್ಟಾಗಿ ಬೆಳದಿಲ್ಲ, ಹಂಗಾಗಿ ಮಂದಿ ಪುಣೆ, ಬೆಂಗಳೂರು, ಕೊಯಮತ್ತೂರು ಅಂತ ನೋಡ್ತಾರ. ಬೆಳಗಾವಿಯವ್ರಿಗೆ ಪುಣೆ ಒಂದ ಲೆಕ್ಕಕ್ಕ ಸಲೀಸು, ಮರಾಠಿ ಬರ್ತೈತಿ, ನೇರ ರೈಲು ಐತಿ. ವಿಜಾಪುರದವ್ರಿಗೆ ಸೊಲ್ಲಾಪುರ ಹಾದು ಹೋದ್ರ ಪುಣೆ. ಆದ್ರ ಬಾಗಲಕೋಟಿ ಕಡೆಯ, ಕನ್ನಡ ಬಿಟ್ಟು ಬ್ಯಾರೆ ಮಾತಾಡದ ತಾಯಿನ್ನ ಕೊಯಮತ್ತೂರಿಗೆ ಒಯ್ದು ಬಿಟ್ರ, ಹವಾ ಎಷ್ಟ ತಂಪಿದ್ರೇನು, ನರ್ಸಿಗೆ ಎದಿ ಹಿಸುಕಿದಂಗ ಆಗಾಕತ್ತೈತಿ ಅಂತ ಹೇಳೂದ ಹೆಂಗ? ಇದನ್ನ ಮಂದಿ ಭಾಳ ಹಗುರ ತಗೋತಾರ. ನನಗ ಕೇಳಿದ್ರ ಸಂಕಟ ಹೇಳ್ಕೊಳ್ಳಾಕ ನಮ್ಮ ಮಾತು ಗೊತ್ತಿದ್ದವ್ರು ಇಲ್ಲದ ಜಾಗ, ಬ್ಯಾರೆ ಎಲ್ಲಾ ಚಲೋ ಇದ್ರೂ, ಬ್ಯಾಡ.

ಬೆಳಗಾವಿಯೊಳಗ ನೋಡಾವ್ರು ಜುಲೈ ತಿಂಗಳದಾಗ ಹೋಗಿ ನೋಡ್ರಿ. ವಿಜಾಪುರ, ಬಾಗಲಕೋಟಿಯವ್ರಿಗೆ ಇಲ್ಲಿ ಮಳಿ ಅಂದಾಜ ಇರೂದಿಲ್ಲ, ಜೂನದಿಂದ ಹಿಡಿದು ಬಿಟ್ಟೂ ಬಿಡದ ಸುರಿತೈತಿ, ಗ್ವಾಡಿಗೆ ಪಸಿ ಬರ್ತೈತಿ, ವಾಕಿಂಗ್ ದಾರಿ ಪಾಚಿಗಟ್ಟಿ ಜಾರ್ತೈತಿ, ಮಂಡಿ ನೋವಿದ್ದವ್ರು ಮೂರು ತಿಂಗಳ ಒಳಗ ಕುಂಡ್ರಬೇಕಾಗ್ತೈತಿ, ಹಂಗಾಗಿ ಮಾಡಿನ ಕೆಳಗ ಅಡ್ಡಾಡೂ ಜಾಗ ಎಷ್ಟ ಐತಿ ಅಂತ ನೋಡ್ರಿ. ವಿಜಾಪುರ, ಬಾಗಲಕೋಟಿಯೊಳಗ ನೋಡಾವ್ರು ಏಪ್ರಿಲ್ ಕಡೀಕ ಮಧ್ಯಾನ್ನ ಹೋಗ್ರಿ, 40 ಡಿಗ್ರಿ ದಾಟಿರ್ತೈತಿ, ಮ್ಯಾಲಿನ ಮಹಡಿ ಫ್ಲ್ಯಾಟ್‌ನ್ಯಾಗ ಒಂದ ತಾಸು ಕುಂತ್ರ ಗೊತ್ತಾಗ್ತೈತಿ. ನೀರಿನ ವಿಚಾರನೂ ಆಗಲೇ ಕೇಳ್ರಿ, ನಳದ ನೀರು ಎಷ್ಟ ದಿನಕ್ಕೊಮ್ಮೆ, ಬೋರು ಎಷ್ಟ ಅದಾವು, ಟ್ಯಾಂಕರ್ ತರಿಸಿದ ಬಿಲ್ಲು ಇದ್ರ ತೋರಸ್ರಿ ಅಂತ.

ದವಾಖಾನಿ ಹತ್ರ ಇರಬೇಕು ಅನ್ನೂದು ಎಲ್ಲಾರೂ ಹೇಳೂ ಮಾತು. ಬೆಳಗಾವಿಯೊಳಗ ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರಿ, ಬಿಮ್ಸ್ ಅದಾವು, ಬಾಗಲಕೋಟಿಗೆ ಕುಮಾರೇಶ್ವರ ಆಸ್ಪತ್ರಿ, ವಿಜಾಪುರಕ್ಕ ಬಿಎಲ್‌ಡಿಇದು ಬಿ.ಎಂ. ಪಾಟೀಲ ಆಸ್ಪತ್ರಿ. ಮಿಲಿಟರಿಯಿಂದ ರಿಟೈರ್ ಆದವ್ರು ಇಸಿಎಚ್‌ಎಸ್ ಪಾಲಿಕ್ಲಿನಿಕ್ ಎಷ್ಟ ದೂರ ಅಂತನೂ ನೋಡ್ಕೋರಿ. ಆದ್ರ ಕಿಲೋಮೀಟರ್ ಅಷ್ಟ ಕೇಳಿದ್ರ ಸಾಲೂದಿಲ್ಲ. ರಾತ್ರಿ ಎರಡು ಗಂಟೆಕ ಬೆಲ್ ಒತ್ತಿದ್ರ ಬರಾವ್ರು ಯಾರು, ಸೆಕ್ಯೂರಿಟಿಯವನೋ ನರ್ಸೋ? ಅವ್ರ ಕಡೆ ಒಳಗ ಬರಾಕ ಇನ್ನೊಂದು ಕೀಲಿ ಐತೇನು? ಆಂಬುಲೆನ್ಸ್ ಗೇಟಿನೊಳಗ ನಿಂತಿರ್ತೈತೋ, 108ಕ್ಕ ಫೋನ್ ಹಚ್ಚಬೇಕೋ? ಲಿಫ್ಟಿನ್ಯಾಗ ಸ್ಟ್ರೆಚರ್ ಉದ್ದಕ್ಕ ಹಿಡಿತೈತೇನು? ಇದನ್ನ ಮಾತ್ರ ಕಣ್ಣಾರೆ ನೋಡ್ರಿ, ಎಷ್ಟೋ ಲಿಫ್ಟಿನ್ಯಾಗ ಕುರ್ಚಿ ಮ್ಯಾಲ ಕುಂಡ್ರಿಸಿ ಇಳಿಸೂದ ಬಿಟ್ರ ಬ್ಯಾರೆ ದಾರಿ ಇಲ್ಲ.

ಮನಿ ನೋಡೂ ಮುಂದ ಟೇಪ್ ಒಯ್ರಿ. ಬಚ್ಚಲಮನಿ ಬಾಗಲಾ ಮೂರು ಫೂಟು ಇದ್ರ ವ್ಹೀಲ್‌ಚೇರ್ ಸಲೀಸಾಗಿ ಹೋಗ್ತೈತಿ, ಎರಡೂವರಿ ಫೂಟಿಂದು ಇದ್ರ ಪಂಚಾಯ್ತಿ. ರ‍್ಯಾಂಪ್ ಒಂದು ಫೂಟ್ ಏರಾಕ ಹನ್ನೆರಡು ಫೂಟ್ ಉದ್ದ ಇರಬೇಕು, ಅದಕ್ಕಿಂತ ಕಡಿದಿದ್ರ ಒಬ್ಬರ ದೂಡಾಕ ಆಗೂದಿಲ್ಲ. ಬಚ್ಚಲದ ಫರಸಿ ಮ್ಯಾಲ ನೀರು ಸುರುವಿ ಕಾಲಿಟ್ಟು ನೋಡ್ರಿ, ಸಂಡಾಸದ ಬಾಜೂಕ ಹಿಡಕೊಳ್ಳೂ ಸಲಾಕಿ ಗಟ್ಟಿ ಐತೇನು ಜಗ್ಗಿ ನೋಡ್ರಿ. ಕೇಂದ್ರ ಸರ್ಕಾರದ ವಸತಿ ಮಂತ್ರಾಲಯ 2019ರಾಗ ರಿಟೈರ್ಮೆಂಟ್ ಹೋಮ್‌ಗಳಿಗಂತ ಒಂದು ಮಾದರಿ ಗೈಡ್‌ಲೈನ್ ಮಾಡೈತಿ, ಜಾರದ ಫರಸಿ, ಲಿಫ್ಟು, ರ‍್ಯಾಂಪು, ಎಮರ್ಜೆನ್ಸಿ ಬೆಲ್ಲು ಇಂಥಾವೆಲ್ಲಾ ಅದರಾಗ ಬರ್ತಾವ. ಅದು ಮಾದರಿ ಅಷ್ಟ, ತಾನಾಗೇ ಕಾನೂನು ಆಗೂದಿಲ್ಲ, ಆದ್ರೂ ಪ್ರಿಂಟ್ ತಗೊಂಡ ಹೋಗಿ ಒಂದೊಂದ ಟಿಕ್ ಮಾಡ್ಕೋತ ಕೇಳಿದ್ರ ಅವ್ರೂ ಸರಿಯಾಗಿ ಉತ್ತರ ಕೊಡ್ತಾರ.

ಊಟದ್ದು ಸಣ್ಣ ಮಾತು ಅನ್ಕೋಬ್ಯಾಡ್ರಿ. ಹುಟ್ಟಿದಾಗಿಂದ ಜ್ವಳದ ರೊಟ್ಟಿ ಉಂಡವ್ರಿಗೆ ಎರಡೂ ಹೊತ್ತು ಮೈದಾ ಪರೋಟ, ಇಡ್ಲಿ ಹಾಕಿದ್ರ ಒಂದು ತಿಂಗಳದಾಗ ಹೊಟ್ಟಿ ಕೆಡ್ತೈತಿ, ಶುಗರ್ ಏರ್ತೈತಿ. ಮೆಸ್ಸಿನ ಒಂದು ತಿಂಗಳ ಮೆನು ಕೇಳ್ರಿ, ವಾರದಾಗ ಎಷ್ಟ ದಿನ ರೊಟ್ಟಿ ಮಾಡ್ತಾರ, ಬಡಿಯಾಕ ಬರಾವ್ರು ಅದಾರೇನು, ಜ್ವರ ಬಂದು ಮಲಗಿದ ದಿನ ರೂಮಿಗೆ ಗಂಜಿ ಕಳಿಸಿದ್ರ ಅದಕ್ಕ ಬ್ಯಾರೆ ರೊಕ್ಕ ಹಚ್ತಾರೇನು. ಊರಿಗೆ ಹೋದ ದಿನದ ಊಟದ ರೊಕ್ಕ ಮುರ್ಕೋತಾರೋ ಬಿಡ್ತಾರೋ ಅನ್ನೂದೂ ಕೇಳೂ ಮಾತ.

ಅಲ್ಲೆ ಇರೂ ಮಂದಿನ್ನ ಮಾತಾಡ್ಸೂದು ಎಲ್ಲಾದಕ್ಕಿಂತ ದೊಡ್ಡ ಕೆಲಸ. ಹೆಣ್ಣು ಕೊಡೂ ಮುಂದ ಮನಿತನ ಹೆಂಗ ವಿಚಾರಿಸ್ತೀವಿ ಹಂಗ ವಿಚಾರಿಸ್ರಿ. ಆಫೀಸಿನವ್ರು ತೋರ್ಸಿದ ಒಂದ ಕುಟುಂಬ ಅಲ್ಲ, ಸಂಜಿ ಮುಂದ ಬೆಂಚಿನ ಮ್ಯಾಲ ಕುಂತಿರ್ತಾರಲ್ಲ, ಅವ್ರ ಬಾಜೂಕ ಹೋಗಿ ಕುಂಡ್ರಿ. ಅದರಾಗೂ ಒಬ್ಬರ ಇರೂ ಹೆಣ್ಮಕ್ಕಳನ್ನ ಹುಡುಕಿ ಮಾತಾಡ್ರಿ, ಹಬ್ಬದ ದಿನ ಏನ ಮಾಡ್ತೀರಿ, ಜ್ವರ ಬಂದಾಗ ಯಾರು ನೋಡಿದ್ರು, ಗಂಡ ಹೋದಮ್ಯಾಲ ಮೊದಲಿನ ಗೆಳತ್ಯಾರು ಕರೀತಾರೇನು ಅಂತ. ಅವ್ರ ಉತ್ತರದಾಗ ನಿಮಗ ಬೇಕಾದ್ದು ಎಲ್ಲಾ ಇರ್ತೈತಿ.

ಮೊಮ್ಮಕ್ಕಳು ಸೂಟಿಗೆ ಬಂದ್ರ ಎಷ್ಟ ದಿನ ಇರಬಹುದು ಅನ್ನೂದಕ್ಕ ಭಾಳ ಕಡೆ ಲಿಮಿಟ್ ಇರ್ತೈತಿ, ಅದನ್ನ ರೂಲ್ಸ್ ಪುಸ್ತಕದಾಗ ಓದ್ರಿ. ಇನ್ನೊಂದು, ಇದನ್ನ ಕೇಳಾಕ ಎಲ್ಲಾರೂ ಹಿಂಜರೀತಾರ, ಆದ್ರ ಕೇಳ್ಲೇಬೇಕು. ಸತ್ತಮ್ಯಾಲ ಏನು? ದೇಹ ಮನ್ಯಾಗ ಇಟ್ಟು ಪೂಜಿ ಮಾಡಾಕ, ಭಜನಿ ಮಾಡಾಕ ಬಿಡ್ತಾರೇನು, ಅಮೆರಿಕದಿಂದ ಮಗ ಬರೂತನಕ ಫ್ರೀಜರ್ ಬಾಕ್ಸ್ ಸಿಗ್ತೈತೇನು, ದಿವಸದ ಕಾರ್ಯ ಮಾಡಾಕ ಹಾಲ್ ಕೊಡ್ತಾರೇನು. ನಮ್ಮಲ್ಲೆ ಲಿಂಗಾಯತರು ಮಣ್ಣು ಮಾಡ್ತಾರ, ಪರಊರಿನ್ಯಾಗ ಅದಕ್ಕ ರುದ್ರಭೂಮಿ ಎಲ್ಲಿ ಐತಿ, ಹೊರಗಿನವ್ರಿಗೆ ಜಾಗ ಕೊಡ್ತಾರೋ ಇಲ್ಲೋ, ಇಲ್ಲಂದ್ರ ಊರ ಹೊಲಕ್ಕ ತರಬೇಕೋ ಅನ್ನೂದನ್ನ ಮಕ್ಕಳ ಮುಂದ ಈಗ ಮಾತಾಡಿ ಇಟ್ಟಿದ್ರ, ಆ ಹೊತ್ತಿನ್ಯಾಗ ಒಬ್ಬರ ಕುಂತು ಅಳಾಕಿಗೆ ಈ ಓಡಾಟನೂ ತಲಿಮ್ಯಾಲ ಬೀಳೂದಿಲ್ಲ.

ಇನ್ನ ರೊಕ್ಕದ ಲೆಕ್ಕ. ಮನಿ ರೇಟು ಒಮ್ಮೆ ಕೊಟ್ಟು ಮುಗೀತೈತಿ, ತಿಂಗಳ ಮೇಂಟೆನನ್ಸ್ ಮುಗಿಯೂದಿಲ್ಲ. ಇವತ್ತು 15,000 ಅಂತ ಹಿಡೀರಿ, ವರ್ಷಕ್ಕ 8% ಏರಿದ್ರ ಹತ್ತ ವರ್ಷಕ್ಕ 32,000 ಹತ್ರ ಹೋಗ್ತೈತಿ. ದೊಡ್ಡ ಅಸೋಸಿಯೇಶನ್‌ದಾಗ ತಿಂಗಳಿಗೆ 7,500 ದಾಟಿದ್ರ ಜಿಎಸ್‌ಟಿ 18% ಬ್ಯಾರೆ. ಪೋಸ್ಟಿನ ಸೀನಿಯರ್ ಸಿಟಿಜನ್ ಸ್ಕೀಮಿನ್ಯಾಗ ಒಬ್ಬರು 30 ಲಕ್ಷದ ಮಟಾ ಇಡಬಹುದು, 8.2% ಬಡ್ಡಿ ಹಿಡಿದ್ರ ಮೂರು ತಿಂಗಳಿಗೆ 61,500, ಅಂದ್ರ ತಿಂಗಳಿಗೆ 20,500 ಬಿತ್ತು. ಆದ್ರ ಅದು ಐದು ವರ್ಷ ಹಂಗ ನಿಂತಿರ್ತೈತಿ, ಮೇಂಟೆನನ್ಸ್ ಏರ್ಕೋತ ಹೋಗ್ತೈತಿ. ಇದಕ್ಕೂ ದೊಡ್ಡದು ಪಿಂಚಣಿ ವಿಷಯ. ಹಳೇ ಪಿಂಚಣಿ ಇದ್ದ ಸರ್ಕಾರಿ ನೌಕರಿಯವ್ರಿಗೆ ಪೂರಾ ಸರ್ವಿಸ್ ಆಗಿದ್ರ ಕಡೀ ಬೇಸಿಕ್‌ದ ಅರ್ಧ ಪಿಂಚಣಿ, ಅವ್ರು ಹೋದಮ್ಯಾಲ ಹೆಂಡತಿಗೆ ಫ್ಯಾಮಿಲಿ ಪೆನ್ಶನ್ ಸಾಮಾನ್ಯವಾಗಿ 30%. ಕಡೀ ಬೇಸಿಕ್ 60,000 ಇದ್ರ 30,000 ಬರೂದು 18,000ಕ್ಕ ಇಳೀತೈತಿ, ಡಿಎ ಬ್ಯಾರೆ. ಮೆಸ್ಸಿನ ಬಿಲ್ಲು ಅರ್ಧ ಆಗ್ತೈತಿ, ಮೇಂಟೆನನ್ಸ್ ಒಂದ ರೂಪಾಯಿ ಕಡಿಮಿ ಆಗೂದಿಲ್ಲ. ಹಂಗಾಗಿ ಇಬ್ಬರ ಆದಾಯದ ಮ್ಯಾಲ ಲೆಕ್ಕ ಹಾಕಬ್ಯಾಡ್ರಿ, ಫ್ಯಾಮಿಲಿ ಪೆನ್ಶನ್ ಮತ್ತ ಬಡ್ಡಿ ಎರಡ ಹಿಡ್ಕೊಂಡ ಹತ್ತ ವರ್ಷ ಮುಂದಿನ ಖರ್ಚು ತೂಗ್ತೈತೇನು ನೋಡ್ರಿ. ತೂಗದಿದ್ರ ಸಣ್ಣ ಫ್ಲ್ಯಾಟ್ ನೋಡ್ರಿ, ಮೇಂಟೆನನ್ಸ್ ಭಾಳ ಕಡೆ ಸ್ಕ್ವೇರ್ ಫೂಟ್ ಮ್ಯಾಲ ಇರ್ತೈತಿ, ಎರಡು ಬೆಡ್‌ರೂಮ್‌ನಾಗ ಒಂದನ್ನ ವರ್ಷಕ್ಕೊಮ್ಮೆ ತಗಿಯೂದಿದ್ರ ಅದು ಬ್ಯಾಡ.

ಕಾಗದಪತ್ರಕ್ಕ ಬಂದ್ರ, ಹೊಸಾ ಪ್ರಾಜೆಕ್ಟ್ ಇದ್ರ ರೇರಾ (ಬಿಲ್ಡರ್‌ಗಳ ಮ್ಯಾಲ ನಿಗಾ ಇಡೂ ಕಾನೂನು) ನಂಬರ್ ತಗೊಂಡು ಆಯಾ ರಾಜ್ಯದ ರೇರಾ ವೆಬ್‌ಸೈಟಿನ್ಯಾಗ ನೋಡ್ರಿ, ಪುಣೆದ್ದು ಮಹಾರೇರಾದಾಗ ಸಿಗ್ತೈತಿ, ಬೆಂಗಳೂರು ಬೆಳಗಾವಿದು ನಮ್ಮ ಕರ್ನಾಟಕ ರೇರಾದಾಗ. 2016ರ ಈ ಕಾನೂನಿನ ಪ್ರಕಾರ ಅಗ್ರಿಮೆಂಟ್ ರಿಜಿಸ್ಟರ್ ಆಗದ ಒಟ್ಟು ರೇಟಿನ 10%ಕ್ಕಿಂತ ಹೆಚ್ಚು ಇಸ್ಕೊಳ್ಳಾಕ ಬರೂದಿಲ್ಲ, ಕಟ್ಟಡದಾಗ ಐಬು ಕಂಡ್ರ ಪೊಸೆಷನ್ ಕೊಟ್ಟ ಐದು ವರ್ಷದ ಮಟಾ ಬಿಲ್ಡರ್ ತನ್ನ ಖರ್ಚಿನ್ಯಾಗ ಸರಿ ಮಾಡಿ ಕೊಡಬೇಕು. ಉತಾರ, ಎನ್.ಎ. ಆರ್ಡರ್ (ಹೊಲದ ಜಾಗಾ ಮನಿ ಕಟ್ಟಾಕ ಬದಲಿ ಮಾಡಿದ ಆದೇಶ), ಇಸಿ (ಜಾಗದ ಮ್ಯಾಲ ಸಾಲ, ಬೋಜಾ ತೋರ್ಸೂ ಪತ್ರ) ಇವನ್ನ ನಿಮ್ಮ ವಕೀಲರಿಗೆ ತೋರಸ್ರಿ, ಬಿಲ್ಡರ್ ಹೇಳಿದ ವಕೀಲರಿಗಲ್ಲ. ನರ್ಸು, ಮೆಸ್ಸು, ಬೆಲ್ಲು ಇವೆಲ್ಲಾ ಸೇಲ್ ಡೀಡಿನ್ಯಾಗ ಇರೂದಿಲ್ಲ, ಬ್ಯಾರೆ ಸರ್ವಿಸ್ ಅಗ್ರಿಮೆಂಟ್ ಇರ್ತೈತಿ. ಆ ಕಂಪನಿ ನಡುವ ಬಿಟ್ಟು ಹೋದ್ರ ಯಾರು ಜವಾಬ್ದಾರಿ, ಅದಕ್ಕ ಬಿಲ್ಡರ್ ಸಹಿ ಐತೇನು ಅಂತ ನೋಡ್ರಿ. ಡಿಪಾಸಿಟ್ ಕೊಟ್ಟು ಇರೂ ಪದ್ಧತಿ ಆದ್ರ ಒಬ್ಬರು ಹೋದಮ್ಯಾಲ ಇನ್ನೊಬ್ಬರು ಅದ ಡಿಪಾಸಿಟ್ ಮ್ಯಾಲ ಕಡೀತನಕ ಇರಬಹುದೇನು, ವಾಪಸ್ ಎಷ್ಟ, ಎಷ್ಟ ತಿಂಗಳದಾಗ ಕೊಡ್ತಾರ ಅನ್ನೂದು ಅಕ್ಷರದಾಗ ಇರಬೇಕು. ಖರೀದಿ ಆದ್ರ, ಮುಂದ ಮಾರೂ ಮುಂದ ಟ್ರಾನ್ಸ್‌ಫರ್ ಫೀ ಎಷ್ಟ, ಕಟ್ಟಳಿಯಷ್ಟು ವಯಸ್ಸಾಗದ ಮಗ ವಾರಸಾ ಆಗಿ ಬಂದ್ರ ಅಲ್ಲೆ ಇರಬಹುದೋ, ಮಾರಬೇಕೋ ಅಂತ ಕೇಳ್ರಿ.

ಇಬ್ಬರ ಹೆಸರಿಗೆ ಖರೀದಿ ಮಾಡಿದ್ರ ಸಾಕು ಅನ್ಕೋತಾರ ಮಂದಿ. ಸಾಕಾಗೂದಿಲ್ಲ. ಗಂಡ ಮೃತ್ಯುಪತ್ರ ಬರೀದ ಹೋದ್ರ ಹಿಂದೂ ವಾರಸಾ ಕಾನೂನಿನಂಗ ಅವನ ಅರ್ಧ ಪಾಲು ಹೆಂಡತಿ, ಮಕ್ಕಳು, ಅವನ ತಾಯಿ ಇದ್ರ ತಾಯಿ, ಎಲ್ಲಾರಿಗೂ ಸಮ ಹಂಚಿ ಹೋಗ್ತೈತಿ, ಆಮ್ಯಾಲ ಆಕಿ ಮಾರಬೇಕಂದ್ರ ಎಲ್ಲಾರ ಸಹಿ ಬೇಕು. ಇಬ್ಬರೂ ಒಬ್ಬರಿಗೊಬ್ಬರು ಮೃತ್ಯುಪತ್ರ ಬರದು, ಇಬ್ಬರು ಸಾಕ್ಷಿ ಹಾಕ್ಸಿ, ಸಬ್ ರಿಜಿಸ್ಟ್ರಾರ್ ಕಡೆ ನೋಂದಣಿ ಮಾಡಿಸಿ ಇಡ್ರಿ. ಇನ್ನ ಊರ ಮನಿ ಮಗನ ಹೆಸರಿಗೆ ಬಕ್ಷೀಸ್ ಪತ್ರ ಮಾಡಿ, ಅವ ತಿಂಗಳಾ ಮೇಂಟೆನನ್ಸ್ ತುಂಬ್ತಾನ ಅನ್ನೂ ಮಾತಿನ ಮ್ಯಾಲ ಹೋಗಾವ್ರು ಅದಾರ. ಹಂಗ ಮಾಡೂದಾದ್ರ ನಮ್ಮನ್ನ ನೋಡ್ಕೋಬೇಕು ಅನ್ನೂ ಷರತ್ತು ಪತ್ರದಾಗ ಬರಸ್ರಿ. 2007ರ ಹಿರಿಯ ನಾಗರಿಕರ ಕಾನೂನಿನ 23ನೇ ಕಲಮಿನ ಪ್ರಕಾರ ಷರತ್ತು ಮುರಿದ್ರ ಪತ್ರ ರದ್ದು ಮಾಡಾಕ ಬರ್ತೈತಿ, ಅರ್ಜಿ ಎಸಿ (ಅಸಿಸ್ಟಂಟ್ ಕಮಿಷನರ್) ಆಫೀಸಿಗೆ ಕೊಡೂದು, ಬೈಲಹೊಂಗಲ, ಚಿಕ್ಕೋಡಿ, ಜಮಖಂಡಿ, ಇಂಡಿಯೊಳಗೂ ಆಫೀಸ್ ಐತಿ. ಏನೂ ತಿಳೀದಿದ್ರ 14567ಕ್ಕ ಫೋನ್ ಹಚ್ರಿ, ಹಿರಿಯರಿಗಂತ ಇರೂ ಸಹಾಯವಾಣಿ ಅದು.

ಇಷ್ಟೆಲ್ಲಾ ಸರಿ ಕಂಡ್ರೂ ತಟ್ಟನ ಖರೀದಿ ಮಾಡಬ್ಯಾಡ್ರಿ. ಅಲ್ಲೆ ಬಾಡಿಗಿಗೆ ಫ್ಲ್ಯಾಟ್ ಸಿಗ್ತಾವ, 11 ತಿಂಗಳ ಅಗ್ರಿಮೆಂಟ್ ಮಾಡ್ಕೊಂಡು ಇದ್ದು ನೋಡ್ರಿ, ಒಂದು ಮಳಿಗಾಲ, ಒಂದು ದೀಪಾವಳಿ, ಒಂದು ಬ್ಯಾಸಗಿ ಅಲ್ಲೇ ಕಳೀಲಿ. ಅಷ್ಟರಾಗ ಒಂದ ಹದಿನೈದು ದಿನ ಗಂಡ ಊರಿಗೆ ಬಂದು ಹೆಂಡತಿ ಒಬ್ಬಾಕಿನ ಅಲ್ಲಿರಲಿ, ಆಮ್ಯಾಲ ಆಕಿ ಬಂದು ಅವ ಒಬ್ಬನ ಇರಲಿ. ಬಿಲ್ ತುಂಬೂದು, ಲಿಫ್ಟ್ ಕೆಟ್ರ ಫೋನ್ ಮಾಡೂದು, ದವಾಖಾನಿಗೆ ಗಾಡಿ ಕರಸೂದು, ಊಟಕ್ಕ ಯಾರ ಟೇಬಲ್ಲಿಗೆ ಹೋಗಿ ಕುಂಡ್ರೂದು, ಎಲ್ಲಾ ಒಬ್ಬರ ಮಾಡಿ ನೋಡ್ಲಿ. ಅಷ್ಟ ದಿನ ಊರ ಮನಿ ಮಾರಬ್ಯಾಡ್ರಿ, ಕೆಳಗಿನ ಪೋರ್ಷನ್ ಬಾಡಿಗಿ ಕೊಟ್ಟು ಮ್ಯಾಲಿಂದಕ್ಕ ಕೀಲಿ ಹಾಕ್ರಿ. ವರ್ಷ ಆದಮ್ಯಾಲ ಒಬ್ಬಾಕಿನ ಇದ್ದಾಕಿ ಇಲ್ಲಿರ್ತೀನಿ ಅಂದ್ರ ಖರೀದಿ ಮಾತು ತಗೀರಿ, ಆಕಿ ಬ್ಯಾಡ ಅಂದ್ರ ಡಿಪಾಸಿಟ್ ವಾಪಸ್ ಇಸ್ಕೊಂಡು ಬರ್ರಿ.