ಭರಣಿ ಬಿಡಿ, ಮೃಗ ಹಿಡಿಯಿರಿ: ಪುಣೆಯಲ್ಲಿ ಕೈತೋಟ ಮಾಡುವ ಕನ್ನಡದವರಿಗೆ

ಪುಣೆಯಲ್ಲಿ ಹೊಸದಾಗಿ ಮನೆ ಕೊಂಡ ನಮ್ಮವರು ಸಿಕ್ಕಾಗ ಮೊದಲು ಕೇಳುವುದು ಇದನ್ನೇ. "ಅಕ್ಕಾ, ಊರಿಂದ ಮಲ್ಲಿಗೆ ಕಡ್ಡಿ ತಂದು ನೆಟ್ಟೆ. ಯಾಕೋ ಹಿಡೀಲೇ ಇಲ್ಲ." ಯಾವಾಗ ನೆಟ್ಟಿರಿ ಅಂತ ಕೇಳುತ್ತೇನೆ. ಮೇ ತಿಂಗಳಲ್ಲಿ ಅನ್ನುತ್ತಾರೆ. ಮಕ್ಕಳಿಗೆ ರಜೆ, ಊರಿಗೆ ಹೋಗಿರುತ್ತಾರೆ, ಬರುವಾಗ ಕಡ್ಡಿ ತಂದಿರುತ್ತಾರೆ. ನಾನೂ ಹಾಗೇ ಮಾಡಿದ್ದೆ.

ನಾನು ಇಲ್ಲಿಗೆ ಬಂದು 22 ವರ್ಷ ಆಯಿತು. ಪಾಷಾಣ್ ಕಡೆ ಒಂದು ರೋ ಹೌಸ್. ಮುಂದೆ ಒಂದಿಷ್ಟು ಹುಲ್ಲು, ಹಿಂದೆ ಹೂವಿನ ಗಿಡಗಳು, ಮೂಲೆಯಲ್ಲಿ ಒಂದು ಗುಲ್‌ಮೊಹರ್. ಮನೆ ಕೊಂಡ ವರ್ಷ ಮೈಸೂರಿಂದ ಅಮ್ಮ ಐದು ಮಲ್ಲಿಗೆ ಕಡ್ಡಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆಪಟ್ಟೆ ಕಟ್ಟಿ ಕೊಟ್ಟಿದ್ದರು. ಶರಾವತಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯಿಡೀ ಅದಕ್ಕೆ ನೀರು ಚಿಮುಕಿಸಿಕೊಂಡು ಬಂದೆ. ಬಂದ ದಿನವೇ ನೆಟ್ಟೆ. ಹತ್ತು ದಿನಕ್ಕೆ ಐದೂ ಒಣಗಿದವು.

ಸೊಸೈಟಿಯ ತೋಟ ನೋಡಿಕೊಳ್ಳುವ ಮಾಲಿ ಕಾಕಾ ಆಗಲೇ ಹೇಳಿದ್ದರು. "ವಹಿನೀ, ಆತ್ತಾ ನಕೋ. ಮೃಗ ಲಾಗೂ ದ್ಯಾ." ಈಗ ಬೇಡ, ಮೃಗಶಿರ ಮಳೆ ಹಿಡಿಯಲಿ ಅಂತ. ನನಗೆ ಆಗ ಮರಾಠಿ ಅಷ್ಟಕ್ಕಷ್ಟೇ. ಮಾತು ಅರ್ಥ ಆಗಿದ್ದರೂ ಕೇಳುತ್ತಿರಲಿಲ್ಲವೇನೋ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತ ಕೇಳಿಕೊಂಡು ಬೆಳೆದವಳು ನಾನು. ಏಪ್ರಿಲ್ ಕೊನೆಗೆ ಭರಣಿ, ಆಮೇಲೆ ಕೃತ್ತಿಕೆ, ರೋಹಿಣಿ. ಮೈಸೂರಿನಲ್ಲಿ ಮೇ ಅಂದರೆ ಸಂಜೆ ಗುಡುಗಿ ಮಳೆ ಬೀಳುವ ತಿಂಗಳು. ಇಲ್ಲಿ ಮೇ ಅಂದರೆ 40 ಡಿಗ್ರಿ ಬಿಸಿಲು.

ಹೊಸಬರು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಪುಣೆಯ ವರ್ಷದ ಮಳೆ 700 ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮೈಸೂರಿನದೂ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ಲಿ ಅದು ಏಪ್ರಿಲ್‌ನಿಂದ ನವೆಂಬರ್‌ವರೆಗೆ ಬಿಟ್ಟು ಬಿಟ್ಟು ಬರುತ್ತದೆ. ಇಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಅಕ್ಟೋಬರ್‌ನಲ್ಲಿ ಒಂದೆರಡು ಮಳೆ ಬಂದರೆ ಬಂತು. ಆಮೇಲೆ ಏಳು ತಿಂಗಳು ಗಿಡಕ್ಕೆ ನಿಮ್ಮ ಪೈಪಿನ ನೀರೇ ಗತಿ. ಮೇನಲ್ಲಿ ಇಲ್ಲಿಯೂ ಎರಡು ದಿನ ಗುಡುಗಿ ಸುರಿಯುತ್ತದೆ, ವಳೀವ್ ಅನ್ನುತ್ತಾರೆ. ಅದನ್ನು ನಂಬಿ ನೆಡಬೇಡಿ. ಮರುದಿನ ಮತ್ತೆ ಅದೇ ಬಿಸಿಲು. ಜೂನ್ 7, 8ಕ್ಕೆ ಮೃಗಶಿರ ಹುಟ್ಟುತ್ತದೆ. ಮಳೆ ಎರಡು ಮೂರು ಸಲ ಚೆನ್ನಾಗಿ ಬಿದ್ದು, ಮಣ್ಣು ಗೇಣುದ್ದ ನೆನೆದ ಮೇಲೆ ನೆಡಿ. ಗುಂಡಿಯನ್ನು ಮಾತ್ರ ಮೇನಲ್ಲೇ ತೋಡಿಡಿ, ಬಿಸಿಲಿಗೆ ಮಣ್ಣು ಕಾಯಲಿ.

ಎರಡನೇ ವರ್ಷ ಸರಿಯಾಗಿ ಜೂನ್‌ನಲ್ಲಿ ನೆಟ್ಟೆ. ಕಡ್ಡಿ ಚಿಗುರಿತು. ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೂ ಆಯಿತು. ಆಗಸ್ಟ್‌ನಲ್ಲಿ ಎಲೆ ಹಳದಿಯಾಗಿ, ಬೇರು ಕೊಳೆತು ಹೋಯಿತು. ಅವತ್ತು ನನಗೆ ಅಳುವೇ ಬಂತು. ಈ ಸಲದ ತಪ್ಪು ಮಣ್ಣಿನದು. ನಮ್ಮ ಮೈಸೂರಿನ ಕೆಂಪು ಮಣ್ಣಿನಲ್ಲಿ ನೀರು ಇಳಿದುಹೋಗುತ್ತದೆ. ಇಲ್ಲಿ ಹೆಚ್ಚಿನ ಕಡೆ ಕಪ್ಪು ಮಣ್ಣು. ಮಳೆಗೆ ಉಬ್ಬಿ ಅಂಟಾಗುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಧಾರವಾಡ, ಗದಗ ಕಡೆಯವರಿಗೆ ಎರೆ ಮಣ್ಣು ಹೊಸದಲ್ಲ, ಅವರಿಗೆ ನಾನು ಹೇಳಬೇಕಾದ್ದಿಲ್ಲ. ಉಳಿದವರು ಕೇಳಿ. ಹೊಸ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಸಿಮೆಂಟು, ಮುರುಮ್ ಅನ್ನುವ ಗರಸು ಮಣ್ಣು ಎಲ್ಲ ಕೆಳಗೆ ತುಂಬಿ, ಮೇಲೆ ನಾಲ್ಕು ಬೆರಳು ಕೆಂಪು ಮಣ್ಣು ಹಾಸಿರುತ್ತಾರೆ. ನೋಡಲು ಚೆಂದ. ನಮ್ಮ ಹಿತ್ತಲಲ್ಲಿ ಒಂದೂವರೆ ಅಡಿ ತೋಡಿದರೆ ಟೈಲ್ಸ್ ಚೂರು ಸಿಕ್ಕಿತು.

ಅದಕ್ಕೇ ಮೊದಲು ಒಂದೂವರೆ ಅಡಿ ಗುಂಡಿ ತೋಡಿ, ಒಂದು ಬಕೆಟ್ ನೀರು ಸುರಿದು ನೋಡಿ. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ಅಲ್ಲಿ ಮಲ್ಲಿಗೆ, ಗುಲಾಬಿ ಬೇಡ. ಒಂದಡಿ ಎತ್ತರಕ್ಕೆ ಇಟ್ಟಿಗೆ ಕಟ್ಟಿ, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಬೆರೆಸಿ ಪಾತಿ ಮಾಡಿ. ಲಾಲ್ ಮಾತಿ, ಶೇಣಖತ್ ಅಂತ ಕೇಳಿದರೆ ಯಾವ ನರ್ಸರಿಯಲ್ಲೂ ಕೊಡುತ್ತಾರೆ. ಸೋಲಾಪುರ ರಸ್ತೆಯಲ್ಲಿ ಹಡಪ್ಸರ್ ದಾಟಿ ಉರುಳಿ ಕಾಂಚನ್ ಕಡೆ ಹೋದರೆ ನರ್ಸರಿಗಳು ಬೇಕಾದಷ್ಟು. ಮೂರನೇ ಸಲದ ಕಡ್ಡಿ ಇಂಥ ಪಾತಿಯಲ್ಲೇ ಹಿಡಿಯಿತು. ನವೆಂಬರ್ ಕೊನೆಗೆ ಅದನ್ನು ಮೊಣಕಾಲೆತ್ತರಕ್ಕೆ ಸವರುತ್ತೇನೆ. ಫೆಬ್ರವರಿ ಚಿಗುರು, ಮಾರ್ಚ್‌ನಿಂದ ಹೂವು. ಗುಲಾಬಿಯನ್ನು ಮಳೆ ಪೂರ್ತಿ ನಿಂತ ಮೇಲೆ, ದಸರಾ ಕಳೆದು ಸವರಿ. ಆರೇಳು ವಾರಕ್ಕೆ ಹೂ ಬಿಡುತ್ತದೆ. ಜನವರಿಯಲ್ಲಿ ಗಣರಾಜ್ಯೋತ್ಸವದ ಹೊತ್ತಿಗೆ ಎಂಪ್ರೆಸ್ ಗಾರ್ಡನ್‌ನಲ್ಲಿ ಪುಷ್ಪ ಪ್ರದರ್ಶನ ಇರುತ್ತದೆ, ತಪ್ಪದೆ ಹೋಗಿ. ಈ ಹವೆಗೆ ಯಾವ ಗಿಡ ಒಗ್ಗುತ್ತದೆ ಅಂತ ಅಲ್ಲಿ ಕಣ್ಣಾರೆ ಕಾಣುತ್ತದೆ.

ಹುಲ್ಲಿನ ವಿಷಯ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮನೆ ಮುಂದೆ ತಾನಾಗಿ ಬೆಳೆದ ಗರಿಕೆ ಇತ್ತು. ಅದನ್ನು ಕಳೆ ಅಂದುಕೊಂಡು ಬುಡಸಮೇತ ಕೀಳಿಸಿ, ಅಕ್ಟೋಬರ್‌ನಲ್ಲಿ ಮೆಕ್ಸಿಕನ್ ಲಾನ್ ಹಾಸಿಸಿದೆ. ಬೇರು ಇಳಿಯುವ ಮೊದಲೇ ಚಳಿ ಬಂತು. ಇಲ್ಲಿ ಡಿಸೆಂಬರ್, ಜನವರಿಯಲ್ಲಿ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಹುಲ್ಲು ಮಂಕಾಗಿ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಏಪ್ರಿಲ್‌ನಲ್ಲಿ ಸೊಸೈಟಿಗೆ ಟ್ಯಾಂಕರ್ ನೀರು ಶುರುವಾಯಿತು. ಕುಡಿಯುವ ನೀರಿಗೇ ದುಡ್ಡು ಕೊಡುವಾಗ ಲಾನಿಗೆ ಸುರಿಯಲು ಮನಸ್ಸು ಬರುತ್ತದಾ? ಎಲ್ಲ ಕಂದುಬಣ್ಣಕ್ಕೆ ತಿರುಗಿತು. ಆ ವರ್ಷ ಗಣೇಶ ಚೌತಿಗೆ ಮಂಡಈಗೆ ಹೋಗಿ ಗರಿಕೆ ಕಟ್ಟು ಕೊಂಡು ತಂದೆ. ನಮ್ಮ ಅಂಗಳದಲ್ಲಿ ಕಾಲಕಾಲದಿಂದ ಇದ್ದದ್ದನ್ನು ಕಿತ್ತೆಸೆದು, ಅದನ್ನೇ ಪೇಟೆಯಲ್ಲಿ ಕೊಂಡೆ.

ಈಗ ಮತ್ತೆ ಗರಿಕೆಯನ್ನೇ ಬೆಳೆಸಿದ್ದೇನೆ. ಬಿಸಿಲು ಬೀಳುವ ಜಾಗಕ್ಕೆ ಅದಕ್ಕಿಂತ ಗಟ್ಟಿ ಹುಲ್ಲಿಲ್ಲ. ನೆರಳಿದ್ದರೆ ಮಾತ್ರ ಸೊರಗುತ್ತದೆ. ಯಾವ ಹುಲ್ಲಾದರೂ ಜೂನ್ ಕೊನೆಯಿಂದ ಜುಲೈ ಒಳಗೆ ಹಾಕಿ. ಮಳೆಗಾಲದಲ್ಲಿ ವಾರ, ಹತ್ತು ದಿನಕ್ಕೊಮ್ಮೆ ಕತ್ತರಿಸಿ, ಆದರೆ ಒಂದೇ ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಬೇಸಿಗೆಯಲ್ಲಿ ದಿನಾ ಸುಮ್ನೆ ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ವಾರಕ್ಕೆರಡು ಸಲ, ಬೆಳಗಿನ ಜಾವ, ಆಳಕ್ಕೆ ಇಳಿಯುವಂತೆ ಬಿಡಿ. ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳು ಬರುತ್ತವೆ. ರಾತ್ರಿ ಟಾರ್ಚ್ ಹಿಡಿದು, ಗ್ಲೌಸ್ ಹಾಕಿಕೊಂಡು ಆರಿಸಬೇಕು, ಮಕ್ಕಳು ಬರಿಗೈಯಲ್ಲಿ ಮುಟ್ಟಬಾರದು.

ಇನ್ನು ಮರ. ಇಲ್ಲಿ ನಾನು ಮಾಡಿದ ತಪ್ಪು ಬೇರೆಯವರ ತಲೆಯ ಮೇಲೆ ಬೀಳಬಹುದಿತ್ತು. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ. ಕಟ್ಟಿಗೆ ಮೆದು, ಬೇರು ಮೇಲುಮೇಲೆ ಹರಡುತ್ತದೆ. ಮೇ ಗಾಳಿಗೆ ಬೀಳುತ್ತದೆ ಅಂತ ಹೆದರಿ, ಯಾರೋ ಒಬ್ಬನನ್ನು ಕರೆಸಿ ಕೊಂಬೆಗಳನ್ನೆಲ್ಲ ಅರ್ಧಕ್ಕೆ ಬೋಳಿಸಿಬಿಟ್ಟೆ. ಮುಂದಿನ ವರ್ಷ ಕತ್ತರಿಸಿದ ತುದಿಗಳಿಂದ ಗೊಂಚಲು ಗೊಂಚಲಾಗಿ ಚಿಗುರು ಬಂತು. ಎಷ್ಟು ಬೇಗ ಚಿಗುರಿತಲ್ಲ ಅಂತ ಖುಷಿಪಟ್ಟೆ. ಅಂಥ ಚಿಗುರು ತೊಗಟೆಯ ಹತ್ತಿರ ಮಾತ್ರ ಅಂಟಿಕೊಂಡಿರುತ್ತದೆ, ಒಳಗಿನ ಕಟ್ಟಿಗೆಯಲ್ಲಿ ಹಿಡಿತ ಇರುವುದಿಲ್ಲ. ಕೆಳಗೆ ಕತ್ತರಿಸಿದ ಮೋಟು ಕೊಳೆಯುತ್ತಿರುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಒಂದು ಸಂಜೆ ತೊಡೆ ದಪ್ಪದ ಕೊಂಬೆ ಪಕ್ಕದ ಮನೆಯ ಕಾರಿನ ಮೇಲೆ ಬಿತ್ತು. ಹತ್ತು ನಿಮಿಷ ಮೊದಲು ಅಲ್ಲೇ ಮಕ್ಕಳು ಆಡುತ್ತಿದ್ದರು. ಕಾರಿನ ಖರ್ಚು ಕೊಟ್ಟೆ. ಮಕ್ಕಳ ವಿಷಯ ಈಗಲೂ ನಿದ್ದೆಗೆಡಿಸುತ್ತದೆ.

ಮರದ ತಲೆ ಬೋಳಿಸಬೇಡಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಮನೆಯ ಮೇಲೆ ವಾಲಿದ್ದು, ಇಷ್ಟನ್ನು ಮಾತ್ರ ತೆಗೆಸಿ. ದೊಡ್ಡ ಕೊಂಬೆಯಾದರೆ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಕೊಯ್ಯಬೇಕು. ಆಗ ತೊಗಟೆ ಸೀಳಿಕೊಂಡು ಬರುವುದಿಲ್ಲ. ಉಳಿದ ಮೋಟನ್ನು ಕೊಂಬೆ ಬುಡದ ಉಬ್ಬಿನ ಹೊರಗೇ ತೆಗೆಯಿರಿ, ಉಬ್ಬು ಉಳಿದರೆ ಗಾಯ ತಾನೇ ಮುಚ್ಚುತ್ತದೆ. ಬುಡದ ಸುತ್ತ ಒಂದು ಮೀಟರ್ ಆದರೂ ಸಿಮೆಂಟ್ ಬೇಡ.

ಕಾಗದಪತ್ರ: 1975ರ ಮಹಾರಾಷ್ಟ್ರ ಮರ ರಕ್ಷಣೆ ಕಾಯ್ದೆ ಇದೆ, ನಿಮ್ಮದೇ ಜಾಗದ ಮರವಾದರೂ ಕಡಿಯುವ, ಕೊಂಬೆ ತೆಗೆಸುವ ಮೊದಲು ಮಹಾನಗರಪಾಲಿಕೆಯ ಉದ್ಯಾನ ವಿಭಾಗದ ಅನುಮತಿ ಬೇಕು. ಫೆಬ್ರವರಿಯಲ್ಲೇ ಅರ್ಜಿ ಹಾಕಿ.

ತರಗೆಲೆ ಸುಡಬೇಡಿ. ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸಿದರೆ ಬೇಸಿಗೆಯಲ್ಲಿ ತೇವ ಹೋಗುವುದಿಲ್ಲ, ಕಪ್ಪು ಮಣ್ಣು ಬಿರಿಯುವುದೂ ಕಡಿಮೆ. ನಿಮ್ಮಲ್ಲಿ ಹೆಚ್ಚಾದರೆ, ಬೇಕಾದವರಿಗೆ ಎಲೆ ತಲುಪಿಸುವ ಬ್ರೌನ್ ಲೀಫ್ ಅನ್ನುವ ಗುಂಪು ಪುಣೆಯಲ್ಲೇ ಇದೆ.

ನನ್ನ ಮಗಳು ಈ ತೋಟದಲ್ಲೇ ಬೆಳೆದವಳು. ನಾನು ದಾಸವಾಳ ಅಂದರೆ ಅವಳು ಜಾಸ್ವಂದ ಅನ್ನುತ್ತಾಳೆ. ಪಾರಿಜಾತ ಅವಳಿಗೆ ಪ್ರಾಜಕ್ತ. ಚಿಕ್ಕವಳಿದ್ದಾಗ ತಿದ್ದುತ್ತಿದ್ದೆ, ಕೆಲವು ಸಲ ಗದರಿದ್ದೂ ಇದೆ. ಆಗ ಅವಳು ಗಿಡದ ಹತ್ತಿರ ಬರುವುದನ್ನೇ ಬಿಟ್ಟಳು. ಅದು ನಾನು ಮಾಡಿದ ದೊಡ್ಡ ತಪ್ಪು. ಮಕ್ಕಳು ಯಾವ ಹೆಸರಿನಿಂದ ಕರೆದರೂ ಕರೆಯಲಿ, ಕೈಗೆ ಮಣ್ಣು ಅಂಟಲಿ, ಸಾಕು. ಈಗ ಅವಳಿಗೆ 19. ಹೋದ ವರ್ಷ ಅವಳೇ ಬಂದು ಕೇಳಿದಳು. "ಅಮ್ಮಾ, ಈ ಮೋಗ್ರಾ ಅಜ್ಜಿ ಮನೇದು ಅಲ್ವಾ?"

ಹೌದು ಅಂದೆ. ಅಮ್ಮ ಹೋಗಿ ಆರು ವರ್ಷ. ಮೈಸೂರಿನ ಮನೆ ಮಾರಿದ್ದಾಯಿತು, ಕೊಂಡವರು ಹಿತ್ತಲನ್ನೂ ಸೇರಿಸಿ ಕಟ್ಟಿದರು. ಆ ಬಳ್ಳಿಯ ಒಂದು ತುಂಡು ಉಳಿದಿದ್ದರೆ ಅದು ಇಲ್ಲಿ, ಪಾಷಾಣ್‌ನ ಈ ಪಾತಿಯಲ್ಲಿ. ಅವತ್ತು ಮಗಳೇ ಐದಾರು ಕಡ್ಡಿ ಕತ್ತರಿಸಿ ಸಣ್ಣ ಚೀಲಗಳಲ್ಲಿ ನೆಟ್ಟಳು. ನಾಲ್ಕು ಹಿಡಿದಿವೆ.

ಒಂದು ಅವಳ ಹಾಸ್ಟೆಲ್ ಬಾಲ್ಕನಿಗೆ ಹೋಗುತ್ತದೆ. ಉಳಿದ ಮೂರು ನಿಮಗೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕಾಗ ಕೇಳಿ. ಆದರೆ ಮೃಗಶಿರ ಹುಟ್ಟಿ, ಎರಡು ಒಳ್ಳೆ ಮಳೆ ಬೀಳುವವರೆಗೆ ನಾನು ಯಾರಿಗೂ ಕೊಡುವುದಿಲ್ಲ.