ಗೇಟ್ ಮೋಟರಿನ ಪೆಟ್ಟಿಗೆಗೆ ತೂತು ಕೊರೆದದ್ದು: ನನ್ನ ಅನುಭವ

ಪತ್ತನಾಜೆ (ಮೇ ಕೊನೆಗೆ ಬರುವ, ತುಳುನಾಡಿನಲ್ಲಿ ಮಳೆಗಾಲದ ಮುನ್ಸೂಚನೆಯ ದಿನ) ಕಳೆದು ಎರಡು ವಾರ ಆಯಿತೆಂದರೆ ನನ್ನ ಫೋನಿಗೆ ಪುರುಸೊತ್ತು ಇರುತ್ತಿರಲಿಲ್ಲ. ಒಬ್ಬರ ಗೇಟ್ ಅರ್ಧಕ್ಕೆ ನಿಂತಿದೆ, ಇನ್ನೊಬ್ಬರದು ರಾತ್ರಿ ಎರಡು ಗಂಟೆಗೆ ತನ್ನಷ್ಟಕ್ಕೇ ತೆರೆದುಕೊಳ್ಳುತ್ತದೆ, ಮತ್ತೊಬ್ಬರದು ರಿಮೋಟ್ ಒತ್ತಿದರೆ ಟಿಕ್ ಅನ್ನುತ್ತದೆ, ಅಷ್ಟೇ. ಹೋಗಿ ಮುಚ್ಚಳ ತೆಗೆದರೆ ಮೋಟರ್ ನಡೆಸುವ ಸರ್ಕ್ಯೂಟ್ ಬೋರ್ಡಿನ ಮೇಲೆ ಹಸಿರು ಕಿಲುಬು, ಟರ್ಮಿನಲ್ ಮೇಲೆ ನೀರಿನ ಹನಿ, ರಿಲೇ ಪಕ್ಕ ಒಂದು ಸತ್ತ ಹಲ್ಲಿ. ನಗುವ ವಿಷಯ ಎಂತ ಅಂದರೆ, ಇವೆಲ್ಲ ಏಪ್ರಿಲ್‌ನಲ್ಲಿ ನಾನೇ ಕೈಯಾರೆ ಸುತ್ತ ಸಿಲಿಕಾನ್ ಬಳಿದು, ಗಾಳಿ ಕೂಡ ಹೋಗದ ಹಾಗೆ ಮುಚ್ಚಿ ಬಂದ ಪೆಟ್ಟಿಗೆಗಳು.

ಸುರತ್ಕಲ್, ಕುಳಾಯಿ, ಪಣಂಬೂರು ಕಡೆ ಒಂದಷ್ಟು, ಕಾಪು, ಮಲ್ಪೆ ಕಡೆ ಒಂದಷ್ಟು, ಒಟ್ಟು ಅರುವತ್ತು ಗೇಟು ನನ್ನ ವಾರ್ಷಿಕ ಸರ್ವಿಸಿನಲ್ಲಿ ಉಂಟು. ಹೆಚ್ಚಿನವು ಸ್ಲೈಡಿಂಗ್. ಮನೆಯವರು ಅರ್ಧ ಜನ ಗಲ್ಫಿನಲ್ಲಿ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಮಾತ್ರ. ಗೇಟ್ ಕೈಕೊಟ್ಟರೆ ಕೀ ಹಾಕಿ ಕ್ಲಚ್ ಬಿಡಿಸಿ ನಾನೂರು ಕಿಲೋ ಗೇಟನ್ನು ದೂಡಲಿಕ್ಕೆ ಅವರಿಂದ ಆಗುವುದಿಲ್ಲ. ಹಾಗಾಗಿ ಬೋರ್ಡ್ ಹೋದರೆ ಬೈಗುಳ ದುಬೈಯಿಂದ ಬರುತ್ತದೆ.

2021ರ ಮಳೆಗಾಲ ನನ್ನ ಪಾಲಿಗೆ ಅತ್ಯಂತ ಕೆಟ್ಟದ್ದು. ನೆನಪಿದ್ದ ಹಾಗೆ ಹನ್ನೊಂದು ಬೋರ್ಡ್ ಹೋದವು. ಒಂದಕ್ಕೆ ಎಂಟೊಂಬತ್ತು ಸಾವಿರ. ಅದರಲ್ಲಿ ನಾಲ್ಕಕ್ಕೆ ನಾನು ಹಿಂದಿನ ವರ್ಷವಷ್ಟೇ ಗ್ಯಾರಂಟಿ ಕೊಟ್ಟದ್ದು, ಹಾಗಾಗಿ ಕೈಯಿಂದಲೇ ಹಾಕಿದೆ. ಮೂವತ್ತೈದು ಸಾವಿರ ಅಲ್ಲೇ ಮುಗಿಯಿತು. ಮಲ್ಪೆಯಲ್ಲಿ ಕಡಲಿಗೆ ತೀರಾ ಹತ್ತಿರದ ಒಂದು ಮನೆಯಲ್ಲಿ ಒಂದೇ ಮಳೆಗಾಲಕ್ಕೆ ಎರಡು ಬೋರ್ಡ್. ಎರಡನೆಯದು ಹಾಕುವಾಗ ಆ ಮನೆಯ ಅಮ್ಮ ಚಾ ಕೂಡ ಕೇಳಲಿಲ್ಲ.

ಬುದ್ಧಿ ಬಂದದ್ದು ಅದೇ ದಿನ, ಪಕ್ಕದ ಮನೆಯಲ್ಲಿ. ಅವರದ್ದು ಹಳೆಯ ಮೋಟರ್, ಸರ್ವಿಸ್ ಎಂಬುದನ್ನೇ ಕಂಡದ್ದಲ್ಲ. ಮೇಲೆ ತೆಂಗಿನಕಾಯಿ ಬಿದ್ದು ಮುಚ್ಚಳದ ಕೆಳಗಿನ ಮೂಲೆ ಒಡೆದು ಎರಡು ಬೆರಳು ಹೋಗುವಷ್ಟು ಬಿರುಕು. "ಇದನ್ನೂ ಒಮ್ಮೆ ನೋಡಿ" ಎಂದರು. ಒಳಗೆ ಕೆರೆಯೇ ಇರಬೇಕೆಂದು ತೆಗೆದು ನೋಡಿದರೆ ಬೋರ್ಡ್ ಒಣಗಿ ಗರಿಗರಿ. ಧೂಳು ಉಂಟು, ಜೇಡನ ಬಲೆ ಉಂಟು, ಕಿಲುಬು ಮಾತ್ರ ಇಲ್ಲ. ಬೋರ್ಡಿನ ಬದಿಯಲ್ಲಿ ದಪ್ಪ ಟ್ರಾನ್ಸ್‌ಫಾರ್ಮರ್, ಮುಟ್ಟಿದರೆ ಹೊಟ್ಟೆಯಡಿ ಮೊಟ್ಟೆ ಇಟ್ಟ ಕೋಳಿಯ ಹಾಗೆ ಬೆಚ್ಚಗೆ.

ನಮ್ಮ ಕಸುಬಿನವರಿಗೆ ಇಷ್ಟು ಹೇಳಿದರೆ ಸಾಕು. ಬಿಸಿಲಿಗೆ ಕಾದ ಪೆಟ್ಟಿಗೆ ಮಳೆ ಬಿದ್ದ ಕೂಡಲೇ ತಣಿಯುತ್ತದೆ, ಒಳಗಿನ ಗಾಳಿ ಕುಗ್ಗುತ್ತದೆ, ಎಲ್ಲಿ ಸಂದು ಸಿಕ್ಕಿತೋ ಅಲ್ಲಿಂದ ಹಸಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ನಾವು ಮೇಲಿನಿಂದ ಎಷ್ಟು ಸಿಲಿಕಾನ್ ಹೊಡೆದರೂ ನೆಲದಡಿಯಿಂದ ಬರುವ ವೈರಿನ ಪೈಪ್ ಬಾಯಿ ತೆರೆದೇ ಇರುತ್ತದೆ. ಆ ಪೈಪಿನ ಇನ್ನೊಂದು ಕೊನೆ ಎಲ್ಲೋ ನೀರು ನಿಂತ ಚೇಂಬರಿನಲ್ಲಿ. ಒಮ್ಮೆ ಒಳಗೆ ಬಂದ ತೇವ ಹೊರಗೆ ಹೋಗಲಿಕ್ಕೆ ದಾರಿ ಮುಚ್ಚಿದ್ದು ಯಾರು? ನಾನೇ. ಹೊಸ ಬೋರ್ಡ್‌ಗಳಲ್ಲಿ ಆ ದಪ್ಪ ಟ್ರಾನ್ಸ್‌ಫಾರ್ಮರೂ ಇಲ್ಲ, ಇರುವ ಸಣ್ಣ ಪವರ್ ಸಪ್ಲೈ ಬಿಸಿಯೇ ಆಗುವುದಿಲ್ಲ. ಕರೆಂಟ್ ಉಳಿಯಿತು, ಬೋರ್ಡ್ ಹೋಯಿತು.

ತೂತು ಕೊರೆಯುವುದೆಂದು ತೀರ್ಮಾನಿಸಿದೆ. ಕೆಳಗಿನ ಎರಡು ಮೂಲೆಯಲ್ಲಿ ಒಂದೊಂದು, ಎಂಟು ಮಿಲಿಮೀಟರ್. ನನಗೆ ಕೆಲಸ ಕಲಿಸಿದ ಹಿರಿಯರಲ್ಲಿ ಹೇಳಿದಾಗ ಅವರು ನನ್ನನ್ನು ಒಂದು ನಿಮಿಷ ನೋಡಿದರು. "ಎಂತ ಮಾರಾಯ, ಮಳೆಗಾಲಕ್ಕೆ ಮೊದಲು ಜನ ತೂತು ಮುಚ್ಚುತ್ತಾರೆ, ನೀನು ಕೊರೆಯುವುದಾ? ತಲೆ ಸರಿ ಉಂಟಾ?" ಮಾಲು ಕೊಡುವ ಅಂಗಡಿಯವರು ವಾರಂಟಿ ಹೋಗುತ್ತದೆ ಎಂದು ಹೆದರಿಸಿದರು. ಅದು ನಿಜವೇ. ಆದ್ದರಿಂದ ವಾರಂಟಿ ಮುಗಿದ ಮೋಟರ್‌ಗಳಲ್ಲೇ ಶುರು ಮಾಡಿದೆ, ಮೊದಲ ವರ್ಷ ಏಳೆಂಟು.

ಬರೇ ತೂತು ಸಾಕಾಗಲಿಲ್ಲ. ಮೊದಲ ಮಳೆಗೆ ಕಟ್ಟಿರುವೆ ಬಂದವು. ಕುಳಾಯಿಯ ಒಂದು ಪೆಟ್ಟಿಗೆಯಲ್ಲಿ ಮಣ್ಣು ತಂದು ಲಿಮಿಟ್ ಸ್ವಿಚ್ಚಿನವರೆಗೆ (ಗೇಟ್ ಕೊನೆ ಮುಟ್ಟಿದಾಗ ಮೋಟರ್ ನಿಲ್ಲಿಸುವ ಸ್ವಿಚ್) ಗೂಡು ಕಟ್ಟಿದ್ದವು. ಸೊಳ್ಳೆ ಬಲೆ ಅಂಟಿಸಿದೆ, ನೈಲಾನಿನದನ್ನು ಕಚ್ಚಿ ತೂತು ಮಾಡಿದವು, ಕಬ್ಬಿಣದ್ದು ಮಲ್ಪೆಯ ಗಾಳಿಗೆ ಎರಡೇ ತಿಂಗಳಲ್ಲಿ ಪುಡಿ. ಕೊನೆಗೆ ಪಾತ್ರೆ ಅಂಗಡಿಯಿಂದ ಚಾ ಸೋಸುವ ಸ್ಟೀಲ್ ಜರಡಿ ತಂದು, ಕತ್ತರಿಸಿ, ಎರಡು ಪದರ ಮಾಡಿ ಒಳಗಿನಿಂದ ಅಂಟಿಸಿದೆ. ಮೂವತ್ತು ರೂಪಾಯಿಯ ಒಂದು ಜರಡಿಯಲ್ಲಿ ನಾಲ್ಕು ಪೆಟ್ಟಿಗೆ ಮುಗಿಯುತ್ತದೆ. ಮನೆಯಲ್ಲಿ ಜರಡಿ ಕಾಣೆಯಾದ ದಿನ ನಡೆದದ್ದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ನುಸಿಗುಳಿಗೆಯ ಪ್ರಯೋಗವೂ ಆಯಿತು. ಇರುವೆ, ಹಲ್ಲಿ ಎರಡೂ ಬರುವುದಿಲ್ಲ ಎಂದು ಯಾರೋ ಹೇಳಿದರು, ಪೆಟ್ಟಿಗೆಗೆ ಎರಡೆರಡು ಹಾಕಿದೆ. ತಿಂಗಳಲ್ಲಿ ಕರಗಿ ಹೋದವು, ಒಳಗಿನ ತೆಳು ಪ್ಲಾಸ್ಟಿಕ್ ಮುಚ್ಚಳ ಅಂಟಂಟಾಯಿತು, ಹಲ್ಲಿ ವಾಪಸ್ ಬಂತು. ಸಿಲಿಕಾ ಜೆಲ್ ಪೊಟ್ಟಣ ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಒಂದು ವಾರ ಕೂಡ ತಡೆಯುವುದಿಲ್ಲ. ಆಮೇಲೆ ಅದು ನೀರು ಕುಡಿದ ಸ್ಪಂಜಿನ ಹಾಗೆ ಬೋರ್ಡಿನ ಪಕ್ಕದಲ್ಲೇ ಕೂತಿರುತ್ತದೆ.

ಇನ್ನು ಬಿಸಿ. ಆ ಹಳೆಯ ಟ್ರಾನ್ಸ್‌ಫಾರ್ಮರಿನ ಕೆಲಸವನ್ನು, ಕರೆಂಟ್ ಹರಿದರೆ ಬಿಸಿಯಾಗುವ ಒಂದು ರೆಸಿಸ್ಟರ್ ಮಾಡಬಹುದಲ್ಲ ಎಂದುಕೊಂಡೆ. 120 ಓಮ್, ಹತ್ತು ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್, 24 ವೋಲ್ಟಿಗೆ ಕೊಟ್ಟರೆ ಹೆಚ್ಚುಕಡಿಮೆ ಐದು ವ್ಯಾಟ್. ದಿನವಿಡೀ ಉರಿದರೂ ತಿಂಗಳಿಗೆ ಮೂರೂವರೆ ಯೂನಿಟ್ ಚಿಲ್ಲರೆ, ಅಂದರೆ ಇಪ್ಪತ್ತು ಇಪ್ಪತ್ತೈದು ರೂಪಾಯಿ. ಗೇಟಿಗೆ ಅಡ್ಡ ಬಂದದ್ದನ್ನು ಕಿರಣದಿಂದ ಗುರುತಿಸುವ ಫೋಟೋಸೆಲ್ಲಿಗೆ ಕೊಡುವ 24 ವೋಲ್ಟಿನಿಂದಲೇ ಎಳೆದೆ. ಕೆಲವು ಬೋರ್ಡ್‌ಗಳು ತಾಳಿಕೊಂಡವು, ಒಂದರಲ್ಲಿ ಫೋಟೋಸೆಲ್ ಜೊತೆ ಈ ಭಾರವೂ ಸೇರಿ ಫ್ಯೂಸ್ ಹೋಯಿತು. ಗೇಟ್ ತೆರೆದದ್ದು ಮುಚ್ಚಲೇ ಇಲ್ಲ, ಮನೆಯವರು ರಾತ್ರಿಯಿಡೀ ಕಾವಲು ಕೂತರು.

ಅದಕ್ಕಿಂತ ದೊಡ್ಡ ಪೆಟ್ಟು ಬ್ಯಾಟರಿ ಇರುವ ಗೇಟಿನಲ್ಲಿ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಬ್ಯಾಟರಿ ಇರುವುದೇ ಅಂಥ ದಿನಕ್ಕೆ. ಆದರೆ ನನ್ನ ರೆಸಿಸ್ಟರ್ ಬ್ಯಾಟರಿಯಿಂದಲೂ ಎಳೆಯುತ್ತಿತ್ತು. ಏಳು ಆಂಪಿಯರ್ ಅವರ್ ಬ್ಯಾಟರಿ, ಕಾಲು ಆಂಪಿಯರಿಗೆ ಸ್ವಲ್ಪ ಕಡಿಮೆ ಎಳೆತ, ಮೇಲೆ ಬೋರ್ಡಿನದು ಬೇರೆ. ಮರುದಿನ ಸಂಜೆಗೆ ಬ್ಯಾಟರಿ ನೆಲ ಕಚ್ಚಿತು. ಆಸ್ಪತ್ರೆಗೆ ಹೊರಟ ಕಾರು ಗೇಟಿನೊಳಗೆ ಸಿಕ್ಕಿಬಿದ್ದಿತು. ನೆರೆಯವರು ಬಂದು ದೂಡಿದರು, ಏನೂ ಅನಾಹುತ ಆಗಲಿಲ್ಲ. ಆದರೂ ಆ ಮನೆಗೆ ಹೋಗುವಾಗ ಇವತ್ತಿಗೂ ನನಗೆ ಮುಖ ಎತ್ತಲಿಕ್ಕೆ ಆಗುವುದಿಲ್ಲ. ಎರಡು ಹೊಸ ಬ್ಯಾಟರಿ ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ.

ಈಗ ರೆಸಿಸ್ಟರಿಗೆ ಬೇರೆಯೇ ಸಣ್ಣ 24 ವೋಲ್ಟ್ ಅಡಾಪ್ಟರ್, ಮೈನ್ಸಿನಿಂದ ನೇರ. ಕರೆಂಟ್ ಹೋದರೆ ಅದೂ ಮಲಗುತ್ತದೆ. ರೆಸಿಸ್ಟರನ್ನು ಬೋರ್ಡಿನ ಕೆಳಗೆ, ಪ್ಲಾಸ್ಟಿಕ್ ಯಾವುದಕ್ಕೂ ತಾಗದ ಹಾಗೆ ಅಲ್ಯೂಮಿನಿಯಂ ಪಟ್ಟಿಗೆ ಕಟ್ಟುತ್ತೇನೆ. ಬಿಸಿ ಮೇಲೆ ಏರಬೇಕು, ತೇವ ಕೆಳಗಿನ ತೂತಿನಿಂದ ಹೋಗಬೇಕು. ನೆಲದ ಪೈಪಿನ ಬಾಯಿ ಮಾತ್ರ ಗಟ್ಟಿ ಮುಚ್ಚಬೇಕು. ಅದಕ್ಕೆ ಏನು ತುಂಬುತ್ತೇನೆ ಎಂಬುದನ್ನು ಕೇಳಬೇಡಿ, ಮೂರು ವರ್ಷ ಹಾಳು ಮಾಡಿ ಕಂಡುಕೊಂಡದ್ದು. ಫೋಮ್ ಅಲ್ಲ ಎಂದಷ್ಟೇ ಹೇಳುತ್ತೇನೆ, ಫೋಮಿನಲ್ಲಿ ಇರುವೆ ಮನೆ ಮಾಡುತ್ತದೆ. ಕನೆಕ್ಟರಿಗೆ ಹಚ್ಚುವುದೂ ಒಂದುಂಟು, ಅದೂ ನನ್ನಲ್ಲೇ ಇರಲಿ.

ಕಳೆದ ಮಳೆಗಾಲದಲ್ಲಿ ಅರುವತ್ತರಲ್ಲಿ ಹೋದದ್ದು ಎರಡು ಬೋರ್ಡ್. ಎರಡೂ ತೇವದಿಂದ ಅಲ್ಲ, ಸಿಡಿಲಿಗೆ. ಮಲ್ಪೆಯ ಆ ಮನೆಯ ಬೋರ್ಡ್ 2022ರಿಂದ ಅದೇ ನಡೆಯುತ್ತಿದೆ, ಈಗ ಅಮ್ಮ ಚಾ ಜೊತೆ ಗೋಳಿಬಜೆ ಕೂಡ ಕೊಡುತ್ತಾರೆ.

ಸಿಡಿಲಿನ ಮಾತು ಬಂತಲ್ಲ, ಅದಕ್ಕೆ ನನ್ನಲ್ಲಿ ಪೂರ್ತಿ ಮದ್ದಿಲ್ಲ. ನಮ್ಮಲ್ಲಿ ಗುಡುಗು ಜಾಸ್ತಿ ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ. ಜುಲೈಯ ಮಳೆ ಸದ್ದಿಲ್ಲದೆ ಸುರಿಯುತ್ತದೆ. 275 ವೋಲ್ಟಿನ ಎಂಒವಿ ಹಾಕುತ್ತೇನೆ, ಏರಿ ಬಂದ ವೋಲ್ಟೇಜನ್ನು ಬೋರ್ಡಿಗೆ ತಾಗದ ಹಾಗೆ ತಡೆಯುವ ಹತ್ತಿಪ್ಪತ್ತು ರೂಪಾಯಿಯ ಬಿಲ್ಲೆ. ಆದರೆ ಅರ್ತಿಂಗ್ ಸರಿ ಇಲ್ಲದಿದ್ದರೆ ಅದು ಗೇಟಿನ ಮೇಲೆ ಕೂತ ಕಾಗೆಯಷ್ಟೇ ಉಪಯೋಗ. ನಮ್ಮ ಮುರಕಲ್ಲಿನ ನೆಲ ಮೇ ತಿಂಗಳಲ್ಲಿ ಒಣಗಿ ಬಂಡೆಯಾಗಿರುತ್ತದೆ. ಅರ್ತಿಂಗ್ ಗುಂಡಿಗೆ ನೀರು ಹಾಕಿ ಎಂದರೆ ಮನೆಯವರು ತುಳಸಿಗೆ ಹಾಕುತ್ತಾರೆ, ಇದಕ್ಕೆ ಹಾಕುವುದಿಲ್ಲ.

ಸರ್ವಿಸಿಗೆ ಹೋದಾಗ ನಾನು ಮೊದಲು ಮೋಟರ್ ಮುಟ್ಟುವುದಿಲ್ಲ. ಕ್ಲಚ್ ಬಿಡಿಸಿ, ಮೀನು ತೂಗುವ ಕೊಕ್ಕೆಯ ತಕ್ಕಡಿಯನ್ನು ಗೇಟಿಗೆ ಸಿಕ್ಕಿಸಿ ಎಳೆಯುತ್ತೇನೆ. ಗೇಟ್ ಹೊರಡುವಾಗ ಹತ್ತು ಕಿಲೋ ಒಳಗೆ ತೋರಿಸಿದರೆ ಸರಿ. ಇಪ್ಪತ್ತು ದಾಟಿದರೆ ಚಕ್ರದ ಬೇರಿಂಗ್ ಹೋಗಿದೆ, ಇಲ್ಲದಿದ್ದರೆ ಟ್ರ್ಯಾಕಿನಲ್ಲಿ ಹೊಯ್ಗೆ ಕೂತಿದೆ. ಕೆಲವರು ಅಂಥ ಗೇಟಿಗೆ ಬೋರ್ಡಿನಲ್ಲಿ ಫೋರ್ಸ್ ಏರಿಸಿ ಹೋಗುತ್ತಾರೆ. ಅಡ್ಡ ಬಂದ ಮಗುವಿಗೆ ತಾಗಿದರೂ ಗೇಟ್ ನಿಲ್ಲುವುದಿಲ್ಲ, ಮಾರಾಯ್ರೆ. ಬೇರಿಂಗ್ ಜೋಡಿ ಆರುನೂರು ರೂಪಾಯಿಯೊಳಗೆ ಮುಗಿಯುವ ಕೆಲಸ.

ರ‍್ಯಾಕಿಗೆ (ಗೇಟಿನ ಉದ್ದಕ್ಕೆ ಇರುವ ಹಲ್ಲಿನ ಪಟ್ಟಿಗೆ) ಗ್ರೀಸ್ ಹಚ್ಚುವುದನ್ನು ಕಡಲ ಬದಿಯಲ್ಲಿ ಬಿಟ್ಟೇ ಬಿಟ್ಟೆ. ಗ್ರೀಸ್ ಮತ್ತು ಹೊಯ್ಗೆ ಸೇರಿದರೆ ಉಜ್ಜುವ ಕಾಗದಕ್ಕೆ ಸಮ, ಪಿನಿಯನ್ (ಅದನ್ನು ದೂಡುವ ಮೋಟರಿನ ಹಲ್ಲುಚಕ್ರ) ಹಲ್ಲು ವರ್ಷದಲ್ಲಿ ಚೂಪಾಗುತ್ತದೆ. ಒಣ ಬ್ರಷ್ ಮಾತ್ರ, ಮತ್ತೆ ಎರಡರ ನಡುವೆ ಒಂದೂವರೆ ಮಿಲಿಮೀಟರ್ ಸಂದು. ಕಾಪುವಿನಲ್ಲಿ ಒಬ್ಬರು ಪ್ರೀತಿಯಿಂದ ತೆಂಗಿನೆಣ್ಣೆ ಹಾಕಿದ್ದರು. ಅದು ಗೋಂದಿನ ಹಾಗೆ ಆಗಿ, ಮೇಲೆ ಮಾವಿನ ಹೂವು ಉದುರಿ, ಗೇಟ್ ಮದುಮಗಳ ಹಾಗೆ ನಿಧಾನ ಬರುತ್ತಿತ್ತು. ಇನ್ನು, ಫೋಟೋಸೆಲ್ ರಿಸೀವರ್ ಪಡುವಣಕ್ಕೆ ಮುಖ ಮಾಡಿದ ಗೇಟಿನಲ್ಲಿ ಸಂಜೆ ಐದೂವರೆಯ ಮೇಲೆ ಮಾತ್ರ ಮುಚ್ಚದ ತೊಂದರೆ ಇದ್ದರೆ ಬೋರ್ಡನ್ನು ಬಿಚ್ಚಬೇಡಿ. ರಿಸೀವರಿಗೆ ನೇರ ಬಿಸಿಲು ಬೀಳುತ್ತಿರುತ್ತದೆ. ರಿಸೀವರನ್ನೂ ಎದುರಿನ ಕಿರಣ ಬಿಡುವ ತುಂಡನ್ನೂ ಅದಲು ಬದಲು ಮಾಡಿದರೆ ಮುಗಿಯಿತು. ಇದಕ್ಕೆ ನಾನು ಮೂರು ಸಲ ಸುಮ್ಮನೆ ಪೆಟ್ರೋಲ್ ಸುಟ್ಟಿದ್ದೇನೆ.

ದುಡ್ಡಿನ ಲೆಕ್ಕ ಕೇಳಿದರೆ, ತೂತು, ಜರಡಿ, ರೆಸಿಸ್ಟರ್, ಅಡಾಪ್ಟರ್ ಸೇರಿ ಮಾಲು ಮುನ್ನೂರೈವತ್ತು ರೂಪಾಯಿ, ನಾನು ತೆಗೆದುಕೊಳ್ಳುವುದು ಸಾವಿರದ ಇನ್ನೂರು. ವಾರ್ಷಿಕ ಸರ್ವಿಸ್ ಮೂರೂವರೆ ಸಾವಿರ. ಮೊದಲು ಒಂದೊಂದು ಬೋರ್ಡಿನಲ್ಲಿ ಸಾವಿರದೈನೂರು ಉಳಿಯುತ್ತಿತ್ತು, ಆ ಆದಾಯ ಈಗ ಇಲ್ಲ. "ನಿನ್ನ ಹೊಟ್ಟೆಗೆ ನೀನೇ ತೂತು ಕೊರೆದೆ" ಎಂದು ಆ ಹಿರಿಯರು ಈಗಲೂ ತಮಾಷೆ ಮಾಡುತ್ತಾರೆ. ಆದರೆ ಹೋದ ಮೇಯಲ್ಲಿ ಅವರದೇ ಫೋನ್: "ಎಷ್ಟು ಮಿಲಿಮೀಟರಿನ ಬಿಟ್ ಅಂದೆ ನೀನು?"

ನೆಲದಡಿಯ ಮೋಟರ್ ಇರುವ ರೆಕ್ಕೆ ಗೇಟುಗಳಿಗೆ ಈ ಉಪಾಯ ನಡೆಯುವುದಿಲ್ಲ. ಮಣಿಪಾಲದಲ್ಲಿ ಅಂಥವು ಎರಡು ಉಂಟು, ಗುಡ್ಡದ ಇಳಿಜಾರಿನ ನೀರೆಲ್ಲ ಆ ಗುಂಡಿಗೇ. ಹೊರಕ್ಕೆ ಓರೆಯಾಗಿ ಪೈಪ್ ಹಾಕಿದ್ದೆ, ಅದರಿಂದಲೇ ಒಂದು ಏಡಿ ಒಳಗೆ ಬಂದು ಕೂತಿತ್ತು. ಈ ಏಪ್ರಿಲ್‌ನಲ್ಲಿ ಪೈಪಿನ ಹೊರಬಾಯಿಗೆ ಜರಡಿ ಹಾಕಿ ನೋಡಬೇಕು.