ಕ್ಲಿಪ್ ಹಾಕುವ ಮೊದಲು ಡಾಪ್ಲರ್ ಇಟ್ಟು ಕೇಳಿ

ಮೆದುಳಿನ ರಕ್ತನಾಳದ ಗೋಡೆ ಒಂದು ಕಡೆ ತೆಳುವಾಗಿ ಉಬ್ಬಿಕೊಂಡರೆ ಅದನ್ನು ಅನ್ಯೂರಿಸಂ ಅಂತೀವಿ. ಆ ಉಬ್ಬಿನ ಬುಡಕ್ಕೆ ಕ್ಲಿಪ್ ಹಾಕಿ ರಕ್ತ ಒಳಗೆ ಹೋಗದ ಹಾಗೆ ಮಾಡಬೇಕು. ಪಕ್ಕದ ಕವಲು ಅದರ ಜೊತೆ ಮುಚ್ಚಿಹೋಗದ ಹಾಗೆ ನೋಡಿಕೊಳ್ಳೋದೇ ಜಾಸ್ತಿ ಕಷ್ಟ. ಬಳ್ಳಾರಿಯಲ್ಲಿ ನಾನು ಇಂಥ ಆಪರೇಷನ್‌ಗೆ ಕೂತಾಗ ಮೈಕ್ರೋ ಡಾಪ್ಲರ್ ಇಲ್ಲದೆ ಶುರು ಮಾಡುವುದಿಲ್ಲ. ನಾಳದಲ್ಲಿ ರಕ್ತ ಹರಿಯುವುದನ್ನು ಅಲ್ಟ್ರಾಸೌಂಡ್‌ನಿಂದ ಹಿಡಿದು ಸ್ಪೀಕರ್‌ನಲ್ಲಿ ಕೇಳಿಸುವ ಸಾಧನ ಅದು; ರಕ್ತದ ವೇಗ ಏರಿದಷ್ಟೂ ಸದ್ದು ತೆಳ್ಳಗಾಗುತ್ತದೆ.

ನಾಳಕ್ಕೆ ತಾಗಿಸುವ ಕಡ್ಡಿ, ಅಂದರೆ ಪ್ರೋಬ್, ಅದರ ತುದಿ ಸುಮಾರು 1 ಮಿ.ಮೀ., ಅಲ್ಟ್ರಾಸೌಂಡ್ 20 ಮೆಗಾಹರ್ಟ್ಸ್. ನಾಳದ ಮೇಲೆ ಸಲೈನ್ ಬಿಟ್ಟು ತುದಿಯನ್ನು ಸುಮ್ನೆ ತಾಗಿಸಿದರೆ ಸಾಕು. ಒತ್ತಿದರೆ ನಾಳ ಕಿರಿದಾಗಿ ವೇಗ ಸುಳ್ಳುಸುಳ್ಳೇ ಏರುತ್ತದೆ. ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಬೈಪೋಲಾರ್ ಆಫ್ ಇರಲಿ, ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಬರೀ ಗದ್ದಲ.

ಪರದೆಯ ಮೇಲೆ ಬರುವ ವೇಗದ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಪ್ರೋಬ್ ನಾಳಕ್ಕೆ 60 ಡಿಗ್ರಿಯಲ್ಲಿದ್ದರೆ ಸಿಗ್ನಲ್ ಅರ್ಧ, 70ಕ್ಕೆ ಹೋದರೆ ಮೂರನೇ ಒಂದು ಪಾಲು. ಆಳದಲ್ಲಿ ಅಷ್ಟು ಕರಾರುವಾಕ್ಕಾಗಿ ಹಿಡಿಯೋದು ಯಾರಿಂದಾಗುತ್ತೆ? ಅದಕ್ಕೇ ಕ್ಲಿಪ್‌ಗೆ ಮುಂಚೆ ಮುಖ್ಯ ನಾಳ, ಎರಡೂ ಕವಲು, ಉಬ್ಬು, ನಾಲ್ಕೂ ಕಡೆ ಕೇಳಿ ಇಡುತ್ತೇನೆ. ಕ್ಲಿಪ್ ಹಾಕಿದ ಮೇಲೆ ಅದೇ ಜಾಗ, ಅದೇ ಓರೆಯಲ್ಲಿ ಮತ್ತೆ ಕೇಳಿ ಹೋಲಿಸುತ್ತೇನೆ.

ಸಿರುಗುಪ್ಪ ಕಡೆಯ ಹೆಣ್ಣುಮಗಳೊಬ್ಬರಿಗೆ ಮೆದುಳಿನ ದೊಡ್ಡ ರಕ್ತನಾಳಗಳಲ್ಲೊಂದಾದ ಮಿಡಲ್ ಸೆರೆಬ್ರಲ್ ಆರ್ಟರಿ ಕವಲೊಡೆಯುವಲ್ಲಿ ಅನ್ಯೂರಿಸಂ. ಹಿಂದಿನ ದಿನ ಅವರ ಅಣ್ಣ, "ಸಾರ್, ನರ ಏನೂ ಕಟ್ ಆಗಂಗಿಲ್ಲಲ್ರೀ?" ಅಂದಿದ್ದರು. ಕ್ಲಿಪ್ ಕೂತಿತು, ಮೈಕ್ರೋಸ್ಕೋಪ್‌ನಲ್ಲಿ ನೋಡಲು ಚೆಂದವೇ ಇತ್ತು. ಉಬ್ಬಿನ ಮೇಲೆ ಸದ್ದಿಲ್ಲ. ಮೇಲಿನ ಕವಲು ಮೊದಲಿನ ಹಾಗೇ ಶ್ಶೂ ಶ್ಶೂ ಅಂತಿತ್ತು. ಕೆಳಗಿನ ಕವಲಿನ ಬುಡದಲ್ಲಿ ಮಾತ್ರ ತೆಳ್ಳಗಿನ ಸಿಳ್ಳೆ. ನಾಳ ತಾನಾಗೇ ಬಿಗಿದುಕೊಂಡ ಸ್ಪಾಸಂ ಇರಬಹುದೇನೋ ಅಂತ ನಾಳ ಸಡಿಲಿಸುವ ಪಪಾವೆರಿನ್ ಔಷಧದ ಹತ್ತಿ ಇಟ್ಟು ಕಾದೆವು. ಬಿಪಿ ಬಿದ್ದಿಲ್ಲ ಅಂತ ಅನಸ್ತೇಷಿಯಾ ಡಾಕ್ಟರು ಹೇಳಿದರು. ಸಿಳ್ಳೆ ಹಾಗೇ ಇತ್ತು. ಅಂದರೆ ಕ್ಲಿಪ್ ಕವಲಿನ ಬಾಯಿ ಹಿಂಡುತ್ತಿದೆ. ಕ್ಲಿಪ್ ಬಿಚ್ಚಿ, ಕೂದಲೆಳೆಯಷ್ಟು ಮೇಲೆ ಸರಿಸಿ ಹಾಕಿದೆ. ಸದ್ದು ದಪ್ಪಗಾಯಿತು. ಉಬ್ಬನ್ನು ಮತ್ತೆ ಕೇಳಿದೆ, ಈಗಲೂ ಮೌನ.

ಇದರಿಂದ ಎಲ್ಲವೂ ಗೊತ್ತಾಗಲ್ಲ. ನಿಮಿಷಕ್ಕೆ ಎಷ್ಟು ಮಿ.ಲೀ. ಹರಿಯುತ್ತದೆ ಅಂತ ಡಾಪ್ಲರ್ ಹೇಳುವುದಿಲ್ಲ. ಅದಕ್ಕೆ ನಾಳಕ್ಕೆ ಕೊಕ್ಕೆಯ ಹಾಗೆ ಸಿಕ್ಕಿಸುವ ಬೇರೆ ಪ್ರೋಬ್ ಬೇಕು. ಮೆದುಳಿನ ಆಳಕ್ಕೆ ಹೋಗುವ ಎಳೆಎಳೆ ನಾಳಗಳಾದ ಪರ್ಫೊರೇಟರ್‌ಗಳನ್ನು ನೋಡಲು, ರಕ್ತಕ್ಕೆ ಚುಚ್ಚಿ ಹೊಳೆಯಿಸುವ ಐಸಿಜಿ ಬಣ್ಣವೇ ವಾಸಿ, ಮೈಕ್ರೋಸ್ಕೋಪ್‌ನಲ್ಲಿ ಆ ಸೌಲಭ್ಯ ಇದ್ದರೆ.

ಇನ್ನೊಂದು ವಿಷಯ. ಮೆದುಳನ್ನು ಪಕ್ಕಕ್ಕೆ ಹಿಡಿದಿಡುವ ರಿಟ್ರಾಕ್ಟರ್ ತೆಗೆದಾಗ ಮೆದುಳು ತನ್ನ ಜಾಗಕ್ಕೆ ವಾಪಸ್ ಬರುತ್ತದೆ, ಕ್ಲಿಪ್ ಸ್ವಲ್ಪ ತಿರುಗಿದರೂ ಕವಲು ಮಡಚಿಕೊಳ್ಳಬಹುದು. ಆಗ ಮತ್ತೊಮ್ಮೆ ನಾಲ್ಕೂ ಕಡೆ ಕೇಳುತ್ತೇನೆ. ಮೆದುಳಿನ ಹೊರಪೊರೆಯಾದ ಡ್ಯೂರಾಕ್ಕೆ ಹೊಲಿಗೆ ಅದಾದ ಮೇಲೆಯೇ.